ಕಣಜ ಕಟ್ಟಿದವರಿಗೆ ಮನ್ನ ಕೊಟ್ಟ ದೇವರು

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ವಿಮೋಚನಕಾಂಡ 16:13-35, ಲೂಕ 12:13-21, 2 ಕೊರಿಂಥ 8:13-15

ಬೈಬಲ್ ತಂದವರು ವಿಮೋಚನಕಾಂಡ 16ನೇ ಅಧ್ಯಾಯ ತೆರೆಯಿರಿ. ತಂದಿಲ್ಲದವರು ಪಕ್ಕದವರ ಬೈಬಲಿನಲ್ಲಿ ನೋಡಿರಿ.

ಕಳೆದ ವಾರ ಒಬ್ಬ ತಮ್ಮ ಪ್ರಾರ್ಥನೆಗೆ ಬಂದಿದ್ದ. ಒಳ್ಳೆಯ ಕೆಲಸ, ಸ್ವಂತ ಮನೆ, ಎರಡು ಮಕ್ಕಳು. "ಪಾಸ್ಟರ್, ನನಗೆ ಬೇಕಾದದ್ದೆಲ್ಲ ದೇವರು ಕೊಟ್ಟಿದ್ದಾರೆ. ಆದರೂ ಇನ್ನೊಂದು ಸೈಟು ತಗೋಬೇಕು ಅಂತ ರಾತ್ರಿಯೆಲ್ಲಾ ಲೆಕ್ಕ ಹಾಕ್ತಾ ಇರ್ತೀನಿ. ಯಾಕೆ ಹೀಗೆ?" ಅಂತ ಕೇಳಿದ. ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲಿಕ್ಕೆ ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಈ ಸಂದೇಶ ಮುಗಿಯುವ ಮೊದಲು ಹೇಳ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ಮನೆ ಬಾಡಿಗೆ ಕಟ್ಟಲಿಕ್ಕೆ ಆಗದೆ ಕುಳಿತವರು, ಸಂಘದ ಸಾಲದ ಕಂತಿಗೆ ಹೆದರಿ ಬಂದವರು ನಮ್ಮ ಮಧ್ಯೆ ಇದ್ದಾರೆ. ನಿಮ್ಮ ಕೂಲಿ ಹೆಚ್ಚಾಗಲಿ ಅಂತ ನೀವು ಬೇಡಿಕೊಂಡರೆ ಅದು ದುರಾಶೆ ಅಲ್ಲ. ಜ್ಞಾನೋಕ್ತಿ 30ರಲ್ಲಿ ಆಗೂರನು ಬಡತನವೂ ಬೇಡ, ಐಶ್ವರ್ಯವೂ ಬೇಡ, ತಕ್ಕಷ್ಟು ಆಹಾರ ಕೊಡು ಅಂತ ಕೇಳಿಕೊಂಡ. ಆ ತಕ್ಕಷ್ಟು ಇನ್ನೂ ಸಿಗದವರಿಗೆ ಇವತ್ತಿನ ಗದರಿಕೆ ಅಲ್ಲ. ಇದು ತಕ್ಕಷ್ಟು ಸಿಕ್ಕ ಮೇಲೂ ನಿಲ್ಲಲಾರದ ನಮ್ಮಂಥವರಿಗೆ.

ಕಣಜ ಕಟ್ಟಿದ ಕೈಗಳು

ಇಸ್ರಾಯೇಲ್ಯರು ಐಗುಪ್ತದಲ್ಲಿ ಏನು ಕೆಲಸ ಮಾಡ್ತಿದ್ದರು? ಇಟ್ಟಿಗೆ ಮಾಡ್ತಿದ್ದರು ಅಂತ ಎಲ್ಲರೂ ಹೇಳ್ತೀರಿ. ಸರಿ. ಆ ಇಟ್ಟಿಗೆಯಿಂದ ಏನು ಕಟ್ಟಿದರು? ವಿಮೋಚನಕಾಂಡ 1:11 ನೋಡಿರಿ. ಪಿತೋಮ್ ಮತ್ತು ರಾಮ್ಸೇಸ್. ಅವು ಫರೋಹನ ಉಗ್ರಾಣದ ಪಟ್ಟಣಗಳು. ಅಂದರೆ ನಮ್ಮ ಭಾಷೆಯಲ್ಲಿ ಕಣಜಗಳು.

ಆ ಕಣಜಗಳ ಕಥೆ ಇನ್ನೂ ಹಿಂದಿನದು. ಆದಿಕಾಂಡ 41ರಲ್ಲಿ ಯೋಸೇಫನು ಏಳು ವರ್ಷ ಧಾನ್ಯ ಕೂಡಿಸಿಟ್ಟ. ಅದು ದೇವರು ತೋರಿಸಿದ ಕೆಲಸ, ಬರಗಾಲದಲ್ಲಿ ಜನರ ಜೀವ ಉಳಿಸಿತು. ಆದರೆ 47ನೇ ಅಧ್ಯಾಯಕ್ಕೆ ಬನ್ನಿರಿ. ಹಸಿದ ಜನ ಮೊದಲು ಹಣ ಕೊಟ್ಟರು. ಹಣ ಮುಗಿದಾಗ ದನಕುರಿ ಕೊಟ್ಟರು. ಆಮೇಲೆ ಹೊಲ ಕೊಟ್ಟರು. ಕೊನೆಗೆ ತಮ್ಮನ್ನೇ ಮಾರಿಕೊಂಡು ಫರೋಹನ ಆಳುಗಳಾದರು. ಕಣಜದ ಬೀಗದ ಕೈ ಯಾರ ಹತ್ತಿರ ಇದೆಯೋ ಅವನೇ ಧಣಿ, ಉಳಿದವರೆಲ್ಲ ಆಳು. ಇದು ಐಗುಪ್ತ ಕಲಿಸಿದ ಪಾಠ. ಇಂಥಾ ಶಾಲೆಯಲ್ಲಿ ಬೆಳೆದ ಜನರನ್ನು ದೇವರು ಬಿಡಿಸಿ ಅರಣ್ಯಕ್ಕೆ ತಂದರು. ಅಲ್ಲಿ ಹೊಲ ಇಲ್ಲ, ಕಣಜ ಇಲ್ಲ. ಬೆಳಿಗ್ಗೆ ಎದ್ದರೆ ನೆಲದ ಮೇಲೆ ಮನ್ನ.

ತಲೆಗೆ ಒಂದು ಓಮೆರ್ ಕೂಡಿಸಿಕೊಳ್ಳಬೇಕು. ನಮ್ಮ ಅಳತೆಯಲ್ಲಿ ಸುಮಾರು 2 ಲೀಟರ್. ಮರುದಿನಕ್ಕೆ ಇಡಬಾರದು ಅಂತ ಮೋಶೆ ಹೇಳಿದ. ಕೆಲವರು ಇಟ್ಟರು. ಬೆಳಿಗ್ಗೆ ಹುಳ ಬಿದ್ದು ನಾತ ಹೊಡೆಯಿತು. ಮೋಶೆಗೆ ಸಿಟ್ಟು ಬಂತು.

ಅವರು ಯಾಕೆ ಇಟ್ಟರು? ಹೊಟ್ಟೆ ತುಂಬಿತ್ತು. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ಅದನ್ನು ಅವರೇ ಕಣ್ಣಾರೆ ಕಂಡರು. ಆದರೂ ಇಟ್ಟರು. ಗಮನಿಸಿರಿ ದೇವಜನರೇ, ಬೇಕಾದದ್ದಕ್ಕಿಂತ ಹೆಚ್ಚು ಕೂಡಿಡುವುದು ಹೊಟ್ಟೆಯ ವಿಷಯವೇ ಅಲ್ಲ. ಬೇರೆ ಕಾರಣಗಳಿವೆ. ದೇವರ ವಾಕ್ಯದಿಂದ ಮೂರನ್ನು ನೋಡೋಣ.

ಮೊದಲನೆಯದು: ಹಳೆಯ ಭಯ

ನಾನು ವಿಜಯಪುರದ ಕಡೆಯ ಹಳ್ಳಿಯವನು. 1972ರ ಬರಗಾಲದಲ್ಲಿ ನನಗೆ ಆರು ವರ್ಷ. ಆ ಬರ ಮುಗಿದು, ಮಳೆಯಾಗಿ, ಎರೆ ಹೊಲದಲ್ಲಿ ಜೋಳ ತಲೆ ಎತ್ತರ ಬೆಳೆದ ಮೇಲೂ ನಮ್ಮ ಅಜ್ಜಿ ರಾತ್ರಿ ಎದ್ದು ಗಡಿಗೆಗಳನ್ನು ಮುಟ್ಟಿ ನೋಡ್ತಿದ್ದಳು. ತುಂಬಿದ ಚೀಲ ಎದುರಿಗಿದ್ದರೂ ಅವಳಿಗೆ ಕಾಣ್ತಿದ್ದದ್ದು ಖಾಲಿ ಗಡಿಗೆ. ನಮಗೆ ರೊಟ್ಟಿ ಎಣಿಸಿ ಕೊಡ್ತಿದ್ದಳು. ಬರ ಹೊಲದಿಂದ ಹೋಗಿತ್ತು, ಅಜ್ಜಿಯ ಮನಸ್ಸಿನಿಂದ ಹೋಗಿರಲಿಲ್ಲ.

ನಮ್ಮಲ್ಲಿ ಎಷ್ಟೋ ಜನ ಹೀಗೇ ಇದ್ದೇವೆ. ಚಿಕ್ಕಂದಿನಲ್ಲಿ ಫೀಸು ಕಟ್ಟದೆ ಶಾಲೆಯ ಹೊರಗೆ ನಿಂತವರು, ಅಪ್ಪ ಸಾಹುಕಾರನ ಮುಂದೆ ಕೈ ಕಟ್ಟಿ ನಿಂತದ್ದನ್ನು ನೋಡಿದವರು. ಈಗ ಕೈ ತುಂಬ ಸಂಬಳ ಬಂದರೂ ಒಳಗಿನ ಆ ಹುಡುಗ "ಇನ್ನೂ ಇರಲಿ, ಇನ್ನೂ ಇರಲಿ" ಅಂತಾನೆ. ಅವನನ್ನು ಬೈಯಬೇಡಿರಿ. ದೇವರೂ ಇಸ್ರಾಯೇಲ್ಯರನ್ನು ಒಂದೇ ದಿನದಲ್ಲಿ ಬಿಟ್ಟುಬಿಡಲಿಲ್ಲ. 40 ವರ್ಷ ದಿನಾ ಬೆಳಿಗ್ಗೆ ಮನ್ನ ಕೊಟ್ಟು ಕಲಿಸಿದರು. ಐಗುಪ್ತದಿಂದ ಜನರನ್ನು ಹೊರಗೆ ತರಲಿಕ್ಕೆ ಒಂದು ರಾತ್ರಿ ಸಾಕಾಯಿತು. ಜನರೊಳಗಿಂದ ಐಗುಪ್ತವನ್ನು ತೆಗೆಯಲಿಕ್ಕೆ 40 ವರ್ಷ ಹಿಡಿಯಿತು. ಎಷ್ಟು ಜನ ಆಮೆನ್ ಹೇಳ್ತೀರಿ?

ಆದರೆ ಭಯಕ್ಕೆ ಹಣ ಔಷಧಿ ಅಲ್ಲ. 1 ಲಕ್ಷ ಇದ್ದಾಗ 1 ಲಕ್ಷ ಹೋದೀತು ಅನ್ನುವ ಭಯ. 50 ಲಕ್ಷ ಆದಾಗ 50 ಲಕ್ಷ ಹೋದೀತು ಅನ್ನುವ ಭಯ. ಹಣದ ಜೊತೆಗೆ ಭಯವೂ ಬೆಳೀತದೆ.

ಎರಡನೆಯದು: ಪಕ್ಕದವನ ಅಳತೆ

ಪ್ರಸಂಗಿ 4:4ರಲ್ಲಿ ಸೊಲೊಮೋನನು ಒಂದು ಕಹಿ ಸತ್ಯ ಹೇಳ್ತಾನೆ. ಮನುಷ್ಯನ ಎಷ್ಟೋ ದುಡಿಮೆ ನೆರೆಯವನ ಮೇಲಿನ ಹೊಟ್ಟೆಕಿಚ್ಚಿನಿಂದ ಹುಟ್ಟುತ್ತದೆ ಅಂತ. ಓಮೆರ್ ತಲೆಗೆ ಒಂದು. ನಾವು ಆ ಓಮೆರನ್ನು ಬಿಟ್ಟು ಪಕ್ಕದವನ ಬುಟ್ಟಿಯಿಂದ ಅಳೀತೇವೆ. ಅವನ ಮನೆಗೆ ಎರಡನೇ ಮಹಡಿ ಬಂತು, ನಮ್ಮದು ಒಂದೇ. ಅವನ ಮಗಳ ಮದುವೆಗೆ ಸಾವಿರ ಜನ, ನಮ್ಮದಕ್ಕೆ ಎಷ್ಟು? ಹೀಗೆ ಅಳೆಯುವವನಿಗೆ ಸಾಕು ಅನ್ನುವ ದಿನ ಬರುವುದಿಲ್ಲ, ಯಾಕೆಂದರೆ ಪಕ್ಕದವನು ಯಾವಾಗಲೂ ಒಬ್ಬ ಇರ್ತಾನೆ.

ಹಣ ಇದ್ದವರಲ್ಲೂ ಇದು ಹೀಗೇ. 2009ರ ಜನವರಿ 7 ನೆನಪಿದೆಯಾ? ಸಾಫ್ಟ್‌ವೇರ್ ಕೆಲಸದಲ್ಲಿದ್ದವರಿಗೆ ನೆನಪಿರುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು ಅವತ್ತು ತಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಕಂಪನಿಯ ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚು ನಗದು ನಿಜವಾಗಿ ಇರಲೇ ಇಲ್ಲ ಅಂತ ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ವ್ಯತ್ಯಾಸ, ವರ್ಷ ವರ್ಷಕ್ಕೆ ಅದು ಕೈ ಮೀರಿ ಬೆಳೆಯಿತು ಅಂತ ಆ ಪತ್ರದಲ್ಲೇ ಇತ್ತು. 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿತು. ಆಮೇಲೆ ಮೇಲ್ಮನವಿ, ಜಾಮೀನು. ಅವರ ನ್ಯಾಯತೀರ್ಪು ಮಾಡಲಿಕ್ಕೆ ನಾನು ನಿಂತಿಲ್ಲ. ನಾನು ಕೇಳುವುದು ಇಷ್ಟೇ. ಆ ಮನುಷ್ಯನಿಗೆ ಅನ್ನಕ್ಕೆ ಕೊರತೆ ಇತ್ತಾ? ಇರಲಿಲ್ಲ. ಇಲ್ಲದ ಹಣವನ್ನು ಇದೆ ಅಂತ ತೋರಿಸಿದ್ದರಿಂದ ಒಂದು ತುತ್ತೂ ಹೆಚ್ಚಿಗೆ ಉಣ್ಣಲಿಕ್ಕೆ ಬರುವುದಿಲ್ಲ. ಹಾಗಾದರೆ ಅದು ಯಾರ ಕಣ್ಣಿಗಾಗಿ? ನೋಡುವವರ ಕಣ್ಣಿಗಾಗಿ.

ನಾವು ಅಷ್ಟು ದೊಡ್ಡ ಪುಸ್ತಕ ಬರೆಯುವುದಿಲ್ಲ. ಸಾಲ ಮಾಡಿ ಕಾರು ತಂದು ಸಭೆಯ ಮುಂದೆ ನಿಲ್ಲಿಸ್ತೇವೆ. ಅಷ್ಟೇ ವ್ಯತ್ಯಾಸ.

ಇಲ್ಲಿ ನಮ್ಮ ಪೆಂತೆಕೊಸ್ತ್ ವೇದಿಕೆಗಳ ತಪ್ಪನ್ನೂ ನಾನು ಒಪ್ಪಿಕೊಳ್ಳಬೇಕು. ಸಾಕ್ಷಿ ಹೇಳಿರಿ ಅಂದರೆ ಯಾರ ಸಾಕ್ಷಿಗೆ ಜೋರಾಗಿ ಚಪ್ಪಾಳೆ? ಹೊಸ ಮನೆಯ ಸಾಕ್ಷಿಗೆ, ವಿದೇಶದ ಕೆಲಸದ ಸಾಕ್ಷಿಗೆ. "ಈ ವರ್ಷ ಸಂಬಳ ಹೆಚ್ಚಾಯಿತು, ಹೆಚ್ಚಾದದ್ದನ್ನು ಕಷ್ಟದಲ್ಲಿದ್ದ ಒಬ್ಬರಿಗೆ ಕೊಟ್ಟೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಆಶೀರ್ವಾದ ಅಂದರೆ ಹೆಚ್ಚಳ ಅಂತ ನಾನೇ ಈ ಮೈಕಿನಲ್ಲಿ ಎಷ್ಟೋ ಸಲ ಕೂಗಿದ್ದೇನೆ. ಹೆಚ್ಚಳ ಯಾತಕ್ಕೆ ಅಂತ ಹೇಳದೆ ಬಿಟ್ಟೆ. ಕರ್ತನು ನನ್ನನ್ನು ಕ್ಷಮಿಸಲಿ.

ಮೂರನೆಯದು: ಯಾರೂ ಬೇಡ ಅನ್ನುವ ಆಸೆ

ಲೂಕ 12ಕ್ಕೆ ಬನ್ನಿರಿ. ಈ ಸಾಮ್ಯ ಎಲ್ಲಿಂದ ಶುರುವಾಯಿತು? ಅಣ್ಣತಮ್ಮಂದಿರ ಜಗಳದಿಂದ. ಒಬ್ಬನು ಯೇಸುವಿನ ಹತ್ತಿರ ಬಂದು ತಂದೆಯ ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಅಂತ ಕೇಳಿದ. ಯೇಸು ಪಂಚಾಯಿತಿ ಮಾಡಲಿಲ್ಲ. ಲೋಭದ ವಿಷಯದಲ್ಲಿ ಎಚ್ಚರ ಅಂತ ಹೇಳಿ, ಹೊಲ ಚೆನ್ನಾಗಿ ಬೆಳೆದ ಒಬ್ಬ ಐಶ್ವರ್ಯವಂತನ ಕಥೆ ಹೇಳಿದರು.

ಆ ಮನುಷ್ಯನು ಕಳ್ಳನಲ್ಲ. ಯಾರಿಗೂ ಮೋಸ ಮಾಡಿದ ಅಂತ ಬರೆದಿಲ್ಲ. ಭೂಮಿ ಬೆಳೆಯಿತು, ಅಷ್ಟೇ. ಆದರೆ ಅವನು ಯಾರ ಜೊತೆ ಮಾತಾಡ್ತಾನೆ ನೋಡಿರಿ. ಹೆಂಡತಿಯ ಜೊತೆ ಅಲ್ಲ, ಆಳುಗಳ ಜೊತೆ ಅಲ್ಲ, ದೇವರ ಜೊತೆ ಅಲ್ಲ. ತನ್ನ ಜೊತೆಗೇ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಪ್ರಾಣ. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಿದರೆ ಮುಂದೆ ಯಾರ ಹಂಗೂ ಇರುವುದಿಲ್ಲ ಅಂತ ಅವನ ಲೆಕ್ಕ. ದಿನದಿನದ ರೊಟ್ಟಿಯನ್ನು ದೇವರ ಹತ್ತಿರ ಕೇಳುವ ಅಗತ್ಯವೇ ಇರಬಾರದು. ಅಣ್ಣತಮ್ಮನ ಬಾಗಿಲಿಗೆ ಹೋಗುವ ಪ್ರಸಂಗ ಬರಬಾರದು. ಅವರೂ ನಮ್ಮ ಬಾಗಿಲಿಗೆ ಬರಬಾರದು. ಆ ರಾತ್ರಿಯೇ ದೇವರು ಅವನ ಪ್ರಾಣವನ್ನು ಕೇಳಿದರು. ಕೂಡಿಟ್ಟದ್ದು ಯಾರಿಗೆ ಅನ್ನುವ ಪ್ರಶ್ನೆಗೆ ಅವನ ಹತ್ತಿರ ಒಂದು ಹೆಸರೂ ಇರಲಿಲ್ಲ.

ನಮ್ಮ ಊರಲ್ಲಿ ಹಗೇವು ಇರ್ತಿದ್ದವು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತಿ ಮುಚ್ಚಿಬಿಡುವುದು. ವರ್ಷಗಟ್ಟಲೆ ಜೋಳ ಉಳೀತಿತ್ತು. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ತುಂಬ ಹೊತ್ತು ತೆರೆದು ಬಿಡ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ದೀಪ ಆರಿದರೆ ಇಳಿಯಬಾರದು, ಇಳಿದವನು ಉಸಿರುಕಟ್ಟಿ ಸಾಯ್ತಾನೆ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಮುಗಿದು ವಿಷದ ಗಾಳಿ ತುಂಬಿರುತ್ತದೆ. ಜೋಳ ಊಟಕ್ಕೆ ಇಟ್ಟದ್ದೇ. ಆದರೆ ಅದನ್ನು ಮುಚ್ಚಿಟ್ಟ ಜಾಗದಲ್ಲಿ ಮನುಷ್ಯ ಬದುಕಲಾರ.

ನನ್ನ ಹಗೇವು

ಈಗ ನನ್ನ ವಿಷಯ. ಪೂರ್ಣಕಾಲದ ಸೇವೆಗೆ ಬರುವ ಮೊದಲು ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೆ. ಸ್ವಂತ ಮನೆ ಇತ್ತು. 2004ರಲ್ಲಿ ಊರ ಹೊರಗೆ ಇನ್ನೊಂದು ಸೈಟು ತಗೊಂಡೆ. ಮಕ್ಕಳಿಗೆ ಇರಲಿ ಅಂತ ಹೇಳಿಕೊಂಡೆ. ನಿಜ ಹೇಳಬೇಕಂದರೆ, ನನ್ನ ಜೊತೆ ಕೆಲಸ ಮಾಡುವವರು ತಗೊಂಡಿದ್ದರು, ಅದಕ್ಕೆ ನಾನೂ ತಗೊಂಡೆ.

2006ರಲ್ಲಿ ನನ್ನ ತಮ್ಮ ಊರಿಂದ ಬಂದ. ಅವನ ಹೆಂಡತಿಗೆ ಆಪರೇಷನ್ ಆಗಬೇಕಿತ್ತು. 60,000 ರೂಪಾಯಿ ಕೇಳಿದ. "ಅಣ್ಣಾ, ಸುಗ್ಗಿ ಆದ ಮ್ಯಾಲೆ ಕೊಡ್ತೀನಿ" ಅಂದ. ಬ್ಯಾಂಕಿನಲ್ಲಿ ನನ್ನ ಹೆಸರಲ್ಲಿ 1 ಲಕ್ಷ ಠೇವಣಿ ಇತ್ತು. ನಾನು ಏನು ಹೇಳಿದೆ ಗೊತ್ತಾ? "ಎಲ್ಲಾ ಸೈಟಿಗೆ ಹಾಕೀನಿ, ಕೈಯಾಗ ಏನೂ ಇಲ್ಲ" ಅಂದೆ. ಆಮೇಲೆ ಅವನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಬಸ್ಸಿಗೆ ಕಳಿಸಿದೆ. ಸಭಿಕರೇ, ಆ ಪ್ರಾರ್ಥನೆ ನೆನಪಾದರೆ ಇವತ್ತಿಗೂ ನನಗೆ ನಾಚಿಕೆ.

ತಮ್ಮ ಒಂದು ಎಕರೆ ಎರೆ ಹೊಲ ಮಾರಿದ. ಹೆಂಡತಿ ಉಳಿದಳು, ದೇವರಿಗೆ ಸ್ತೋತ್ರ. ಹೊಲ ಕಡಿಮೆಯಾದದ್ದರಿಂದ ಅವನ ಮಗ ಶಾಲೆ ಬಿಟ್ಟು ಗೋವಾಕ್ಕೆ ದುಡಿಯಲಿಕ್ಕೆ ಹೋದ. ಇವತ್ತಿಗೂ ಅಲ್ಲೇ ಕಟ್ಟಡದ ಕೆಲಸದಲ್ಲಿದ್ದಾನೆ. ನನ್ನ ಸೈಟಿನಲ್ಲಿ ಹತ್ತೊಂಬತ್ತು ವರ್ಷ ಜಾಲಿ ಕಂಟಿ ಬೆಳೆಯಿತು. ಅಲ್ಲಿ ಯಾರೂ ಒಂದು ರಾತ್ರಿ ಮಲಗಲಿಲ್ಲ, ಒಂದು ಕಾಳು ಬೆಳೆಯಲಿಲ್ಲ. ಬೆಲೆ ಮಾತ್ರ ಏರಿತು, ನನಗೆ ಅದನ್ನು ನೆನೆಸಿಕೊಂಡರೆ ಸಂತೋಷ ಆಗ್ತಿತ್ತು.

ಹೋದ ವರ್ಷ ಈ ವಾಕ್ಯಭಾಗವನ್ನು ಓದುವಾಗ ಪವಿತ್ರಾತ್ಮನು ನನ್ನನ್ನು ಬಿಡಲಿಲ್ಲ. ಸೈಟು ಮಾರಿದೆ. ಹಣ ತಗೊಂಡು ಊರಿಗೆ ಹೋದೆ. ತಮ್ಮನ ಮುಂದೆ ಚೆಕ್ಕು ಇಟ್ಟು, ಠೇವಣಿಯ ವಿಷಯ ಹೇಳಿ, "ಅವತ್ತು ನಾ ಸುಳ್ಳು ಹೇಳಿದ್ದೆ" ಅಂದೆ. ಅವನು ಬಹಳ ಹೊತ್ತು ಸುಮ್ಮನೆ ಕುಂತ. "ನನಗೆ ಗೊತ್ತಿತ್ತು ಅಣ್ಣಾ" ಅಂದ. ಆಮೇಲೆ, "ರೊಕ್ಕ ಅವಾಗ ಬೇಕಾಗಿತ್ತು" ಅಂದ. ಚೆಕ್ಕು ಮುಟ್ಟಲಿಲ್ಲ. ಒಳಗೆ ತಿರುಗಿ ಹೆಂಡತಿಗೆ, "ಅಣ್ಣಗ ಊಟಕ್ಕ ಹಾಕು" ಅಂದ. ಯಾವ ತಾಯಿಯ ಆಪರೇಷನ್ನಿಗೆ ನಾನು ಹಣ ಕೊಡಲಿಲ್ಲವೋ ಆ ತಾಯಿ ನನಗೆ ಬಿಸಿ ರೊಟ್ಟಿ ಬಡಿಸಿದಳು.

ಆ ಹಣದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಗೋವಾದಲ್ಲಿರುವ ಮಗನ ಜೊತೆ ಮಾತಾಡ್ತಾ ಇದ್ದೇನೆ. ನಮಗೋಸ್ಕರ ಪ್ರಾರ್ಥನೆ ಮಾಡಿರಿ.

ಮನ್ನ ಯಾಕೆ ಹುಳ ಬಿತ್ತು ಅಂತ ಅವತ್ತು ಆ ಪಡಸಾಲೆಯಲ್ಲಿ ಕುಳಿತು ನನಗೆ ಅರ್ಥವಾಯಿತು. ಅವತ್ತಿನದನ್ನು ಅವತ್ತೇ ಕೊಡಬೇಕು. ಹತ್ತೊಂಬತ್ತು ವರ್ಷದ ಮೇಲೆ ಹತ್ತು ಪಟ್ಟು ಕೊಟ್ಟರೂ ಒಬ್ಬ ಹುಡುಗನ ಶಾಲೆ ತಿರುಗಿ ಬರುವುದಿಲ್ಲ. ಪ್ರಾರ್ಥನೆಗೆ ಬಂದ ಆ ತಮ್ಮನಿಗೆ ನಾನು ಉತ್ತರ ಕೊಡಲಾರದೆ ಹೋದದ್ದು ಇದಕ್ಕೇ. ಉತ್ತರ ಕೊಡುವ ಮೊದಲು ನಾನು ಇದನ್ನು ನಿಮ್ಮ ಮುಂದೆ ಅರಿಕೆ ಮಾಡಬೇಕಾಗಿತ್ತು.

ಹಾಗಾದರೆ ಉಳಿತಾಯ ತಪ್ಪಾ?

ಅಲ್ಲ. ಮನ್ನ ಎಲ್ಲಾ ಸಲವೂ ಕೆಡಲಿಲ್ಲ. ಆರನೇ ದಿನ ಎರಡರಷ್ಟು ಕೂಡಿಸಿಕೊಂಡು ಸಬ್ಬತ್ತಿಗೆ ಇಟ್ಟರು, ಅದು ಕೆಡಲಿಲ್ಲ. ಒಂದು ಓಮೆರನ್ನು ಪಾತ್ರೆಯಲ್ಲಿ ತುಂಬಿ ಮುಂದಿನ ಸಂತತಿಗೆ ಸಾಕ್ಷಿಯಾಗಿ ಕರ್ತನ ಸನ್ನಿಧಿಯಲ್ಲಿ ಇಟ್ಟರು, ಅದೂ ಕೆಡಲಿಲ್ಲ. ಮನ್ನ ಒಂದೇ. ದೇವರ ಮಾತಿನಂತೆ ಇಟ್ಟದ್ದು ಉಳಿಯಿತು, ಭಯದಿಂದ ಬಚ್ಚಿಟ್ಟದ್ದು ಕೆಟ್ಟಿತು. ವೃದ್ಧಾಪ್ಯಕ್ಕೆ, ಮಕ್ಕಳ ಓದಿಗೆ, ಆಸ್ಪತ್ರೆಯ ಖರ್ಚಿಗೆ ಇಡಿರಿ. ಅದು ಆರನೇ ದಿನದ ಮನ್ನ. ಅದಕ್ಕೆ ಒಂದು ಹೆಸರಿದೆ, ಒಂದು ಅಳತೆ ಇದೆ.

ಅಪೊಸ್ತಲನಾದ ಪೌಲನು ಈ ಮನ್ನದ ಮಾತನ್ನು ಎಲ್ಲಿ ಉಪಯೋಗಿಸಿದ ಗೊತ್ತಾ? 2 ಕೊರಿಂಥ 8ರಲ್ಲಿ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಸಹಾಯ ಕೂಡಿಸುವಾಗ. ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಇನ್ನೊಂದು ಕಾಲದಲ್ಲಿ ಅವರ ಸಮೃದ್ಧಿ ನಿಮ್ಮ ಕೊರತೆಗೆ ಅನ್ನುವ ಅರ್ಥದಲ್ಲಿ ಬರೀತಾನೆ. ಅರಣ್ಯದಲ್ಲಿ ದೇವರು ತಾನೇ ಸಮ ಮಾಡಿದರು. ಈಗ ಆ ಕೆಲಸವನ್ನು ಸಭೆಯ ಕೈಗೆ ಕೊಟ್ಟಿದ್ದಾರೆ. ನಿಮ್ಮ ಅಗತ್ಯ ಮೀರಿದ ಹಣವನ್ನು ದೇವರು ನಿಮ್ಮ ಹತ್ತಿರ ತಪ್ಪಿ ಕಳಿಸಿಲ್ಲ. ಅದು ಇನ್ನೊಬ್ಬರ ಓಮೆರ್, ನಿಮ್ಮ ಕೈಯಿಂದ ಹೋಗಬೇಕಾದದ್ದು.

ಈ ವಾರ ಮೂರು ಕೆಲಸ ಮಾಡೋಣ.

ಒಂದು, ಗಂಡ ಹೆಂಡತಿ ಕೂತು ನಿಮ್ಮ ಮನೆಯ ಓಮೆರನ್ನು ಬರೆಯಿರಿ. ಬಾಡಿಗೆ, ರೇಷನ್ನು, ಫೀಸು, ಔಷಧಿ, ದಶಮಾಂಶ, ಉಳಿತಾಯ. ಕೆಳಗೆ ಗೆರೆ ಎಳೆದು ಸಾಕು ಅಂತ ಬರೆಯಿರಿ. ಬರೆಯದೆ ಇದ್ದರೆ ಆ ಗೆರೆ ಪ್ರತಿ ವರ್ಷ ಕೆಳಗೆ ಜಾರ್ತದೆ.

ಎರಡು, ಸಂಬಳ ಹೆಚ್ಚಾಗುವ ಮೊದಲೇ ಹೆಚ್ಚಾದದ್ದರಲ್ಲಿ ಎಷ್ಟು ಯಾರಿಗೆ ಅಂತ ತೀರ್ಮಾನಿಸಿರಿ. ಕೈಗೆ ಬಂದ ಮೇಲೆ ತೀರ್ಮಾನಿಸುವುದು ಕಷ್ಟ.

ಮೂರು, ಯಾರಿಗಾದರೂ "ಇಲ್ಲ" ಅಂತ ಹೇಳಿ ಕಳಿಸಿದ್ದೀರಾ, ಇದ್ದೂ ಇಲ್ಲ ಅಂತ? ಅವರ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂದಿದ್ದರೆ ಮುಂದಿನ ಭಾನುವಾರದವರೆಗೆ ಕಾಯಬೇಡಿರಿ. ಇವತ್ತು ಸಾಯಂಕಾಲವೇ ಫೋನ್ ಮಾಡಿರಿ. ನಾನು ತಡ ಮಾಡಿದೆ. ನೀವು ಮಾಡಬೇಡಿರಿ.

ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಮ್ಮ ಒಳಗಿನ ಹಳೆಯ ಭಯವನ್ನು ನೀನು ಬಲ್ಲೆ. ನಿನ್ನನ್ನು ನಂಬುವುದಕ್ಕಿಂತ ಕಣಜವನ್ನು ನಂಬುವುದು ನಮಗೆ ಸುಲಭವಾಯಿತು. ಕ್ಷಮಿಸು ಕರ್ತನೇ. ಸಾಕು ಅನ್ನುವ ಮಾತನ್ನು ನಮ್ಮ ಬಾಯಿಗೆ ಕಲಿಸು. ಕೊರತೆಯಲ್ಲಿರುವ ಪ್ರತಿಯೊಂದು ಮನೆಗೆ ಇವತ್ತಿನ ಓಮೆರ್ ಮುಟ್ಟಲಿ, ಅದು ನಮ್ಮ ಕೈಯಿಂದ ಹೋಗಬೇಕಾದರೆ ನಮ್ಮ ಕೈ ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.